ದೂರದರ್ಶಕದ ಬಳಿ ಮನುಷ್ಯನಿಗೇನು ಕೆಲಸ?

ಬಾಹ್ಯಾಕಾಶದಿಂದ ನಕ್ಷತ್ರಗಳನ್ನು ನೋಡುವುದಕ್ಕೆ ಎರಡು ಪದ್ಧತಿಗಳು ಬೆಳೆದು ಬಂದಿವೆ. ಖಗೋಳ ವಿಜ್ಞಾನಿಯೇ ನೌಕೆ ಹತ್ತಿ ಹೋಗಿ, ದೂರದರ್ಶಕವನ್ನು ಕೈಯಾರೆ ತಿರುಗಿಸಿ, ನೋಡಿಕೊಂಡು ಬರುವುದು ಒಂದು. ದೂರದರ್ಶಕವನ್ನು ಮಾತ್ರ ಮೇಲೆ ಕಳಿಸಿ, ವಿಜ್ಞಾನಿ ನೆಲದ ಮೇಲೇ ಉಳಿದು ಅದರಿಂದ ಕೆಲಸ ತೆಗೆಯುವುದು ಇನ್ನೊಂದು. ಮೊದಲನೆಯ ಪದ್ಧತಿಯ ಶಿಖರವೆಂದರೆ ಅಮೆರಿಕದ ಬಾಹ್ಯಾಕಾಶ ನೌಕೆಗಳಲ್ಲಿ ನಡೆದ ಆಸ್ಟ್ರೋ-1 (1990) ಮತ್ತು ಆಸ್ಟ್ರೋ-2 (1995) ಯಾನಗಳು. ಎರಡನೆಯದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ 2015ರಲ್ಲಿ ಹಾರಿದ ಭಾರತದ ಆಸ್ಟ್ರೋಸ್ಯಾಟ್. ಈ ಉಪಗ್ರಹಕ್ಕೆ ಆದೇಶ ಹೋಗುವುದು ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರದಿಂದ. ಅದು ಕಂಡದ್ದೆಲ್ಲ ಬಂದು ಸೇರುವುದು ತಾವರೆಕೆರೆ ಹತ್ತಿರದ ಬ್ಯಾಲಾಳಿಗೆ. ರಾಜಾಜಿನಗರದವರಿಗೆ ಪೀಣ್ಯ ಮೆಟ್ರೊದಲ್ಲಿ ಕೆಲವೇ ನಿಲ್ದಾಣಗಳ ದೂರ. ವಿಜಯನಗರ, ಬಸವೇಶ್ವರನಗರ, ಕೆಂಗೇರಿಯವರಿಗೆ ಬ್ಯಾಲಾಳು ಭಾನುವಾರ ಬೈಕಿನಲ್ಲಿ ಹೋಗಿ ಬರುವಷ್ಟು ಹತ್ತಿರ. ನಮ್ಮ ದೇಶ ಬಾಹ್ಯಾಕಾಶದಲ್ಲಿ ಖಗೋಳವಿಜ್ಞಾನ ನಡೆಸುತ್ತಿರುವುದು ನಮ್ಮ ಮಗ್ಗುಲಲ್ಲೇ.

ಈ ಎರಡು ಪದ್ಧತಿಗಳನ್ನು ಈಗ ತೂಗಿ ನೋಡುವುದಕ್ಕೆ ಕಾರಣವಿದೆ. ನಮ್ಮವರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನಕ್ಕೆ ಸಿದ್ಧತೆ ನಡೆದಿದೆ, ಅದರ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಇರುವುದೂ ಬೆಂಗಳೂರಿನಲ್ಲೇ. 2035ರ ಹೊತ್ತಿಗೆ ಭಾರತದ್ದೇ ಅಂತರಿಕ್ಷ ನಿಲ್ದಾಣ ಆಗಬೇಕು ಎಂಬ ಗುರಿಯೂ ಇದೆ. ನಮ್ಮವರು ಮೇಲೆ ಹೋಗಿ ಇರತೊಡಗಿದಾಗ ಅವರಿಗೆ ದೂರದರ್ಶಕದ ಬಳಿ ಯಾವ ಕೆಲಸ ಕೊಡಬೇಕು? ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನೌಕೆಯಲ್ಲಿ ಹೋದ ಖಗೋಳ ವಿಜ್ಞಾನಿಗಳು ದೊಡ್ಡ ಕೆಲಸ ಮಾಡಿದರು, ಆದರೆ ಅವರ ಕೈಗೆ ಕೊಟ್ಟ ಕೆಲಸ ತಪ್ಪಾಗಿತ್ತು. ಅವರಿಗೆ ನೋಡುವ ಕೆಲಸ ಕೊಟ್ಟರು. ಕೊಡಬೇಕಾಗಿದ್ದದ್ದು ದುರಸ್ತಿಯ ಕೆಲಸ. ನಾವು ನೋಡುವ ಕೆಲಸವನ್ನು ಸರಿಯಾಗಿಯೇ ನೆಲಕ್ಕೆ ತಂದಿದ್ದೇವೆ. ದುರಸ್ತಿಯ ಕೆಲಸದ ಬಗ್ಗೆ ಇನ್ನೂ ಯೋಚನೆಯನ್ನೇ ಮಾಡಿಲ್ಲ.

ಮೊದಲು ಆಸ್ಟ್ರೋ-1ರ ವಿಚಾರ. ನೇರಳಾತೀತ ಕಿರಣ ಮತ್ತು ಎಕ್ಸ್-ಕಿರಣಗಳನ್ನು ನಮ್ಮ ವಾತಾವರಣ ತಡೆಯುತ್ತದೆ. ಹಾಗೆ ತಡೆಯುವುದರಿಂದಲೇ ನಾವು ಬದುಕಿದ್ದೇವೆ, ಹಾಗೆ ತಡೆಯುವುದರಿಂದಲೇ ಅತಿ ಬಿಸಿಯಾದ ನಕ್ಷತ್ರಗಳ ನಿಜವಾದ ಬೆಳಕು ನೆಲಕ್ಕೆ ಬರುವುದಿಲ್ಲ. ಹೀಗಾಗಿ ಮೂರು ನೇರಳಾತೀತ ದೂರದರ್ಶಕಗಳು, ಒಂದು ಎಕ್ಸ್-ಕಿರಣ ದೂರದರ್ಶಕ, ಇವುಗಳನ್ನು ಕೊಲಂಬಿಯಾ ನೌಕೆಯ ಸರಕು ಅಂಕಣದಲ್ಲಿ ಕೂರಿಸಿದರು. ಯಾನ ಹೊರಡಬೇಕಾಗಿದ್ದದ್ದು 1986ರ ಮಾರ್ಚ್‌ನಲ್ಲಿ. ಹ್ಯಾಲಿ ಧೂಮಕೇತುವನ್ನು ನೋಡುವ ಉದ್ದೇಶವೂ ಇತ್ತು. ಅದೇ ವರ್ಷ ಜನವರಿ 28ರಂದು ಚಾಲೆಂಜರ್ ನೌಕೆ ಸ್ಫೋಟಗೊಂಡು ಏಳು ಜನ ಸತ್ತರು, ಎಲ್ಲ ಯಾನಗಳೂ ನಿಂತವು. ಆ ದುರಂತ ನಮ್ಮನ್ನೂ ತಟ್ಟಿತು. ಇನ್ಸಾಟ್-1ಸಿ ಉಪಗ್ರಹದ ಜೊತೆ ನೌಕೆಯಲ್ಲಿ ಹೋಗಲು ಇಸ್ರೋದ ಪಿ. ರಾಧಾಕೃಷ್ಣನ್ ಮತ್ತು ಎನ್.ಸಿ. ಭಟ್ ಅವರು ಆಯ್ಕೆಯಾಗಿದ್ದರು. ಅವರ ಯಾನ ರದ್ದಾಯಿತು, ಉಪಗ್ರಹ 1988ರಲ್ಲಿ ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಹೋಯಿತು.

ಕೊಲಂಬಿಯಾ ಕೊನೆಗೆ ಏರಿದ್ದು 1990ರ ಡಿಸೆಂಬರ್ 2ರಂದು, ಅದೂ ಹೈಡ್ರೋಜನ್ ಸೋರಿಕೆಯಿಂದ ತಿಂಗಳುಗಟ್ಟಲೆ ತಡವಾಗಿ. ಏಳು ಜನರ ತಂಡದಲ್ಲಿ ನಾಲ್ವರು ಖಗೋಳ ವಿಜ್ಞಾನಿಗಳು: ಜೆಫ್ರಿ ಹಾಫ್‌ಮನ್, ರಾಬರ್ಟ್ ಪಾರ್ಕರ್, ಸ್ಯಾಮ್ಯುಯೆಲ್ ಡುರೆನ್ಸ್, ರೊನಾಲ್ಡ್ ಪರೀಸ್. ತಂಡ ಎರಡು ಪಾಳಿಗಳಾಗಿ, ಹನ್ನೆರಡು ಗಂಟೆಗೊಂದರಂತೆ ಹಗಲಿರುಳು ದುಡಿಯಿತು. ನೌಕೆಯ ಮೇಲಂತಸ್ತಿನ ಹಿಂಭಾಗದಲ್ಲಿ ಪರದೆಯ ಮುಂದೆ ಕೂರಬೇಕು, ದೂರದರ್ಶಕ ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಪರದೆಯ ಮೇಲಿನ ಚುಕ್ಕೆಗಳನ್ನು ನಕಾಶೆಗೆ ಹೋಲಿಸಿ ಗುರುತಿಸಬೇಕು, ಬೇಕಾದ ನಕ್ಷತ್ರವನ್ನು ನಡುವಿಗೆ ತಂದು ನಿಲ್ಲಿಸಬೇಕು, ಆಮೇಲೆ ವೀಕ್ಷಣೆ ಶುರುವಾಗಬೇಕು. ಇದು ಅವರ ಕೆಲಸ.

ಯಾನದ ಆರಂಭದಿಂದಲೇ ತೊಂದರೆ ಶುರುವಾಯಿತು. ದೂರದರ್ಶಕಗಳನ್ನು ಗುರಿಗೆ ತಿರುಗಿಸುವ ವ್ಯವಸ್ಥೆ ಮಾರ್ಗದರ್ಶಿ ನಕ್ಷತ್ರಗಳನ್ನು ಹಿಡಿದುಕೊಳ್ಳದೆ ಸತಾಯಿಸಿತು. ಗಗನಯಾತ್ರಿಗಳು ಆದೇಶ ಕೊಡುವ ಎರಡು ಕೀಲಿಮಣೆ-ಪರದೆಗಳಲ್ಲಿ ಮೊದಲು ಒಂದು, ಕೆಲವು ದಿನ ಕಳೆದ ಮೇಲೆ ಇನ್ನೊಂದೂ ಬಿಸಿಯಾಗಿ ಕೆಟ್ಟಿತು. ಇನ್ನು ಮುಗಿಯಿತು ಎನ್ನುವ ಸ್ಥಿತಿ. ಆಗ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿದ್ದ ನಾಸಾ ಕೇಂದ್ರದವರು ನೆಲದಿಂದಲೇ ದೂರದರ್ಶಕಗಳನ್ನು ಗುರಿಯ ಹತ್ತಿರಕ್ಕೆ ತಿರುಗಿಸತೊಡಗಿದರು. ಮೇಲಿದ್ದವರು ಜಾಯ್‌ಸ್ಟಿಕ್ ಹಿಡಿದು ಕೊನೆಯ ಸೂಕ್ಷ್ಮ ಹೊಂದಾಣಿಕೆ ಮಾಡಿದರು. ಆ ಜಂಟಿ ದುಡಿಮೆಯಿಂದ ಒಂಬತ್ತು ದಿನದ ಯಾನದಲ್ಲಿ ಸುಮಾರು 130 ಆಕಾಶಕಾಯಗಳ ವೀಕ್ಷಣೆ ಆಯಿತು.

ಮನುಷ್ಯ ಮೇಲಿದ್ದದ್ದರಿಂದಲೇ ಯಾನ ಉಳಿಯಿತು ಎಂದು ಇದನ್ನು ಹೇಳುವ ವಾಡಿಕೆಯಿದೆ. ಆ ಮಾತಿನಲ್ಲಿ ಸತ್ಯವಿದೆ; ಆ ಕೈಗಳು ಇರದಿದ್ದರೆ ಹಲವು ವೀಕ್ಷಣೆಗಳು ಕೈತಪ್ಪುತ್ತಿದ್ದವು. ಆದರೆ ಕೆಟ್ಟದ್ದು ಏನು ಎಂದೂ ನೋಡಬೇಕು. ಕೆಟ್ಟ ಎರಡೂ ಪರದೆಗಳು ಇದ್ದದ್ದು ಮೇಲಿರುವ ಮನುಷ್ಯನ ಬಳಕೆಗಾಗಿ. ಅಂದರೆ ಯಾನವನ್ನು ಕಾಡಿದ ತೊಂದರೆಯಲ್ಲಿ ಒಂದು ಪಾಲು ಹುಟ್ಟಿದ್ದೇ ಮನುಷ್ಯನನ್ನು ನಡುವೆ ಕೂರಿಸಿದ್ದರಿಂದ. ಅದೇ ನೌಕೆಯಲ್ಲಿದ್ದ ನಾಲ್ಕನೆಯ ಉಪಕರಣ, ಅಂದರೆ ಎಕ್ಸ್-ಕಿರಣ ದೂರದರ್ಶಕಕ್ಕೆ, ಬೇರೆಯದೇ ಆಧಾರ ಪೀಠವಿತ್ತು. ಅದನ್ನು ಮೇರಿಲ್ಯಾಂಡಿನ ಗೊಡಾರ್ಡ್ ಕೇಂದ್ರದಿಂದ ನೆಲದ ಮೇಲೆ ಕೂತೇ ನಡೆಸಿದರು. ನೆಲದಿಂದ ನಡೆಸುವುದು ಸಾಧ್ಯ ಎಂಬುದಕ್ಕೆ ಸಾಕ್ಷಿ ಅದೇ ಸರಕು ಅಂಕಣದಲ್ಲಿ, ಪಕ್ಕದಲ್ಲೇ ಇತ್ತು.

ನಾಲ್ಕು ವರ್ಷ ದಾಟಿದ ಬಳಿಕ, 1995ರ ಮಾರ್ಚ್ 2ರಂದು, ಎಂಡೆವರ್ ನೌಕೆಯಲ್ಲಿ ಆಸ್ಟ್ರೋ-2 ಹೊರಟಿತು. ಡುರೆನ್ಸ್ ಮತ್ತು ಪರೀಸ್ ಎರಡನೆಯ ಸಲ ಹೋದರು. ತಾಮರಾ ಜೆರ್ನಿಗನ್, ಜಾನ್ ಗ್ರನ್ಸ್‌ಫೆಲ್ಡ್ ಮುಂತಾದವರು ಜೊತೆಗಿದ್ದರು. ಹದಿನಾರು ದಿನ ದಾಟಿದ ಈ ಯಾನ ಅಲ್ಲಿಯವರೆಗಿನ ನೌಕೆ ಯಾನಗಳಲ್ಲೇ ದೀರ್ಘವಾದದ್ದು. ಹಿಂದಿನ ಸಲದ ದೋಷಗಳನ್ನು ತಿದ್ದಿಕೊಂಡಿದ್ದರಿಂದ ಕೆಲಸ ಹೆಚ್ಚು ಸುಸೂತ್ರವಾಗಿ ನಡೆಯಿತು. ಫಲವೂ ದೊಡ್ಡದೇ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ 0.9 ಮೀಟರಿನ ದೂರದರ್ಶಕ ಅತಿ ದೂರದ ಒಂದು ಕ್ವೇಸಾರಿನ ಬೆಳಕನ್ನು ಹಿಡಿಯಿತು. ಆ ಬೆಳಕು ನಮ್ಮೆಡೆಗೆ ಬರುವ ದಾರಿಯಲ್ಲಿ ಯಾವ ಅಲೆಯುದ್ದಗಳು ನುಂಗಿಹೋಗಿವೆ ಎಂದು ನೋಡಿ, ಗೆಲಾಕ್ಸಿಗಳ ನಡುವಿನ ಖಾಲಿಯೆನಿಸುವ ಅವಕಾಶದಲ್ಲಿ ಹೀಲಿಯಂ ಹರಡಿಕೊಂಡಿದೆ ಎಂದು ವಿಜ್ಞಾನಿಗಳು ತೋರಿಸಿದರು. ವಿಶ್ವದ ಆದಿಯಲ್ಲಿ ಹುಟ್ಟಿದ ಅನಿಲದ ಸುಳಿವು ಅದು. ಹಬಲ್ ದೂರದರ್ಶಕ ತಲುಪಲಾರದಷ್ಟು ಕಿರಿದಾದ ನೇರಳಾತೀತ ಅಲೆಯುದ್ದಗಳನ್ನು ಈ ಉಪಕರಣ ನೋಡಬಲ್ಲದಾಗಿತ್ತು. ಈ ಒಂದು ಫಲಿತಾಂಶಕ್ಕಾಗಿಯೇ ಆಸ್ಟ್ರೋ ಯಾನಗಳು ಖಗೋಳವಿಜ್ಞಾನದ ಇತಿಹಾಸದಲ್ಲಿ ಉಳಿಯುತ್ತವೆ.

ಆದರೂ ಈ ಪದ್ಧತಿಯಲ್ಲಿ ಮೂರು ಮೂಲ ದೋಷಗಳನ್ನು ಕಾಣುತ್ತೇನೆ.

ಮೊದಲನೆಯದು ಸಮಯ. ಎರಡು ಯಾನ ಸೇರಿಸಿದರೂ ಮೇಲೆ ಇದ್ದದ್ದು ನಾಲ್ಕು ವಾರಕ್ಕಿಂತ ಕಡಿಮೆ. ಆಕಾಶಕ್ಕೆ ಅದರದ್ದೇ ಆದ ನಿಧಾನವಿದೆ. ಒಂದು ಮಂಕು ಗೆಲಾಕ್ಸಿಯ ನೇರಳಾತೀತ ಬೆಳಕು ಒಂದೊಂದೇ ಕಣವಾಗಿ ಬರುತ್ತದೆ, ಅದನ್ನು ಕೂಡಿಹಾಕಲು ಗಂಟೆಗಟ್ಟಲೆ ಕಾಯಬೇಕು. ಒಂದು ನಕ್ಷತ್ರದ ಏರಿಳಿತ ತಿಳಿಯಬೇಕಾದರೆ ತಿಂಗಳು ಬಿಟ್ಟು ಮತ್ತೆ ನೋಡಬೇಕು, ವರ್ಷ ಬಿಟ್ಟು ಮತ್ತೆ ನೋಡಬೇಕು. ಆಹಾರ, ಗಾಳಿ, ಇಂಧನ ಮುಗಿಯುವುದರೊಳಗೆ ವಾಪಸು ಇಳಿಯಲೇಬೇಕಾದವರಿಗೆ ಅದು ಆಗದ ಮಾತು. ಆಸ್ಟ್ರೋ-1 ಇಳಿಯುವ ಜಾಗದ ಹವಾಮಾನಕ್ಕೆ ಹೆದರಿ ಒಂದು ದಿನ ಮುಂಚೆಯೇ ಇಳಿಯಿತು. ದೂರದರ್ಶಕದ ದಿನಚರಿಯನ್ನು ಕ್ಯಾಲಿಫೋರ್ನಿಯಾದ ಮೋಡ ನಿರ್ಧರಿಸಿತು.

ಎರಡನೆಯದು ನಿಶ್ಚಲತೆ ಮತ್ತು ಶುಚಿ. ದೂರದರ್ಶಕಕ್ಕೆ ಅಲುಗಾಟ ಕೂಡದು. ಏಳು ಜನ ಓಡಾಡುವ, ಚಿಕ್ಕ ರಾಕೆಟ್ಟುಗಳನ್ನು ಉರಿಸಿ ಸ್ಥಾನ ಸರಿಪಡಿಸಿಕೊಳ್ಳುವ, ತ್ಯಾಜ್ಯ ನೀರನ್ನು ಹೊರಚೆಲ್ಲುವ ನೌಕೆಗೆ ಕಟ್ಟಿದ ದೂರದರ್ಶಕದಿಂದ ಸ್ಪಷ್ಟ ಚಿತ್ರ ತೆಗೆಯುವುದು ಕುಲುಕಾಡುವ ಬಸ್ಸಿನಲ್ಲಿ ನಿಂತು ಸೂಜಿಗೆ ದಾರ ಪೋಣಿಸಿದಂತೆ. ಅಷ್ಟಾದರೂ ಅವರು ಪೋಣಿಸಿದರು, ಅದು ಅವರ ಹೆಚ್ಚುಗಾರಿಕೆ. ಜೊತೆಗೆ ನೇರಳಾತೀತ ಕನ್ನಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಮಲಿನ ಪದರ ಕೂತರೂ ಬೆಳಕು ಇಂಗುತ್ತದೆ. ಮನುಷ್ಯ ಇರುವ ಕಡೆ ಆವಿ, ಅನಿಲ ಇದ್ದೇ ಇರುತ್ತವೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಗಗನಯಾತ್ರಿಗಳು ದೂರದರ್ಶಕದಿಂದ ಕೆಲವೇ ಮೀಟರ್ ದೂರದಲ್ಲಿದ್ದರೂ ಅದನ್ನು ಮುಟ್ಟುವಂತಿರಲಿಲ್ಲ. ಆಸ್ಟ್ರೋ-2ರಲ್ಲಿ 38 ಸೆಂಟಿಮೀಟರ್ ಕನ್ನಡಿಯ ಯುಐಟಿ ಎಂಬ ಚಿತ್ರಗ್ರಾಹಕ ದೂರದರ್ಶಕಕ್ಕೆ ಎರಡು ಕ್ಯಾಮೆರಾ ಇದ್ದವು. ಸಮೀಪ ನೇರಳಾತೀತಕ್ಕೆ ಒಂದು, ದೂರ ನೇರಳಾತೀತಕ್ಕೆ ಒಂದು. ಸಮೀಪ ನೇರಳಾತೀತದ ಕ್ಯಾಮೆರಾ ಆ ಯಾನದಲ್ಲಿ ಕೆಲಸ ಮಾಡಲೇ ಇಲ್ಲ. ಆ ಉಪಕರಣವನ್ನು ಚೆನ್ನಾಗಿ ಬಲ್ಲ ಪರೀಸ್ ಅವರೇ ಗೋಡೆಯ ಈಚೆ ಕೂತಿದ್ದರು. ಕ್ಯಾಮೆರಾ ಗೋಡೆಯ ಆಚೆ, ನಿರ್ವಾತದಲ್ಲಿತ್ತು. ತಜ್ಞನನ್ನು ಅಷ್ಟು ದೂರ ಕರೆದೊಯ್ದು, ಅವನ ಕೈ ತಲುಪದ ಕಡೆ ಯಂತ್ರವನ್ನಿಟ್ಟರೆ ತಜ್ಞನ ಇರವಿಗೆ ಅರ್ಥವೇನು?

ಈಗ ನಮ್ಮ ಕಡೆ ಬರೋಣ. ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ30ರಲ್ಲಿ ಹೋಯಿತು. ತೂಕ ಸುಮಾರು ಒಂದೂವರೆ ಟನ್, ಕಕ್ಷೆ 650 ಕಿಲೋಮೀಟರ್ ಎತ್ತರದಲ್ಲಿ, ಭೂಮಧ್ಯರೇಖೆಗೆ ಕೇವಲ 6 ಡಿಗ್ರಿ ಓರೆಯಲ್ಲಿ. ಈ ಓರೆ ಕಡಿಮೆ ಇರುವುದರಿಂದ ಒಂದು ಅನುಕೂಲವಾಗಿದೆ: ದಿನಕ್ಕೆ ಹದಿನಾಲ್ಕು ಸುತ್ತು ಬರುವ ಉಪಗ್ರಹ ಅದರಲ್ಲಿ ಹತ್ತು ಸುತ್ತು ಬೆಂಗಳೂರಿಗೆ ಕಾಣಿಸುತ್ತದೆ. ಕಂಡಾಗೆಲ್ಲ ಆದೇಶ ಕಳಿಸಬಹುದು, ದತ್ತಾಂಶ ಇಳಿಸಿಕೊಳ್ಳಬಹುದು. ದಿನಕ್ಕೆ 420 ಗಿಗಾಬಿಟ್‌ವರೆಗೆ ದತ್ತಾಂಶ ಕಲೆಹಾಕುವ ಸಾಮರ್ಥ್ಯ ಅದಕ್ಕಿದೆ.

ಅದರಲ್ಲಿರುವ ಐದು ಉಪಕರಣಗಳಲ್ಲಿ ಯುಐಟಿಯ ಜೊತೆ ನೇರವಾಗಿ ಹೋಲಿಸಬಹುದಾದದ್ದು ಯುವಿಐಟಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮುಂದಾಳಾಗಿ ನಿಂತು, ಹೊಸಕೋಟೆಯ ತನ್ನ ಆವರಣದಲ್ಲಿ ಜೋಡಿಸಿದ್ದು ಇದು. ಇದರ ಶೋಧಕಗಳಿಗೆ ಕೆನಡಾ ಕೈಜೋಡಿಸಿತ್ತು. ಎರಡು ಅವಳಿ ದೂರದರ್ಶಕಗಳು, ಕನ್ನಡಿಯ ವ್ಯಾಸ 37.5 ಸೆಂಟಿಮೀಟರ್. ಯುಐಟಿಯ ಕನ್ನಡಿಯೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಮನುಷ್ಯನ ಜೊತೆ ಹೋದ ಕನ್ನಡಿ ಏನು ಕಂಡಿತು, ಒಂಟಿಯಾಗಿ ಹೋದ ಕನ್ನಡಿ ಏನು ಕಂಡಿತು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ನಡುವೆ ಇಪ್ಪತ್ತು ವರ್ಷದ ತಂತ್ರಜ್ಞಾನದ ಅಂತರವಿದೆ ಎಂಬುದನ್ನು ಮರೆಯದೆ ನೋಡಬೇಕು, ಅಷ್ಟೇ.

ಯುಐಟಿ ಚಿತ್ರ ಹಿಡಿದದ್ದು ಫಿಲ್ಮ್ ಸುರುಳಿಯ ಮೇಲೆ. ನೌಕೆ ಇಳಿದ ಮೇಲೆ ಸುರುಳಿಯನ್ನು ತೊಳೆದು ನೋಡಬೇಕಾಗಿತ್ತು. ಯುವಿಐಟಿಯಲ್ಲಿ ಫಿಲ್ಮ್ ಇಲ್ಲ. ಬೆಳಕಿನ ಒಂದೊಂದು ಕಣ ಬಂದು ಬಿದ್ದದ್ದನ್ನೂ, ಎಲ್ಲಿ ಬಿತ್ತು, ಯಾವ ಕ್ಷಣ ಬಿತ್ತು ಎಂದು ಬರೆದಿಡುವ ಶೋಧಕವಿದೆ. ಅದು ಸೆಕೆಂಡಿಗೆ ಸುಮಾರು 29 ಚೌಕಟ್ಟುಗಳನ್ನು ಓದುತ್ತದೆ. ಉಪಗ್ರಹ ತೂಗಾಡುವುದನ್ನು ಯುವಿಐಟಿ ತಡೆಯುವುದಿಲ್ಲ. ಅವಳಿ ದೂರದರ್ಶಕಗಳಲ್ಲಿ ಒಂದು ಸಾಮಾನ್ಯ ಬೆಳಕಿನಲ್ಲೂ ಅದೇ ಆಕಾಶದ ತುಣುಕನ್ನು ನೋಡುತ್ತಾ, ಅಲ್ಲಿನ ನಕ್ಷತ್ರಗಳು ಕ್ಷಣಕ್ಷಣಕ್ಕೂ ಎಷ್ಟು ಸರಿದವು ಎಂದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ನೆಲದ ಮೇಲಿನ ಕಂಪ್ಯೂಟರು ಆ ಲೆಕ್ಕ ಹಿಡಿದು ಪ್ರತಿಯೊಂದು ಬೆಳಕಿನ ಕಣವನ್ನೂ ಅದರ ಸರಿಯಾದ ಜಾಗಕ್ಕೆ ಸರಿಸಿ ಕೂರಿಸುತ್ತದೆ. ಕೊಲಂಬಿಯಾದಲ್ಲಿ ಜಾಯ್‌ಸ್ಟಿಕ್ ಹಿಡಿದ ಕೈ ಆ ಕ್ಷಣದಲ್ಲೇ ಮಾಡಬೇಕಾಗಿದ್ದ ಕೆಲಸವನ್ನು ಇಲ್ಲಿ ದತ್ತಾಂಶ ಇಳಿದ ಮೇಲೆ, ಸಾವಧಾನವಾಗಿ, ತಪ್ಪಿದರೆ ಮತ್ತೆ ಮೊದಲಿನಿಂದ ಮಾಡಬಹುದು. ಫಲವಾಗಿ ಯುವಿಐಟಿಯ ಚಿತ್ರದ ಸೂಕ್ಷ್ಮತೆ ಒಂದೂವರೆ ಆರ್ಕ್‌ಸೆಕೆಂಡಿನ ಆಸುಪಾಸಿನಲ್ಲಿದೆ. ಯುಐಟಿಯದು ಮೂರರ ಹತ್ತಿರ. 2003ರಲ್ಲಿ ನಾಸಾ ಕಳಿಸಿದ ಗ್ಯಾಲೆಕ್ಸ್ ಎಂಬ ನೇರಳಾತೀತ ದೂರದರ್ಶಕದ್ದು ಐದರ ಹತ್ತಿರ. ಈ ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಸ್ಪಷ್ಟ.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದೆ. ಆಸ್ಟ್ರೋಸ್ಯಾಟ್ ಕಕ್ಷೆ ಸೇರಿದ ಮೇಲೆ ಯುವಿಐಟಿಯ ಬಾಗಿಲನ್ನು ಸುಮಾರು ಎರಡು ತಿಂಗಳು ತೆರೆಯಲೇ ಇಲ್ಲ. ಉಪಗ್ರಹದೊಳಗೆ ಸಿಕ್ಕಿಕೊಂಡ ಆವಿ, ಅನಿಲಗಳೆಲ್ಲ ನಿರ್ವಾತಕ್ಕೆ ಹೊರಟುಹೋಗಲಿ, ಕನ್ನಡಿಗೆ ಅಂಟದಿರಲಿ ಎಂದು ಕಾದರು. ಆಸ್ಟ್ರೋ ಯಾನಗಳ ಒಟ್ಟು ಅವಧಿಗಿಂತ ಹೆಚ್ಚು ಕಾಲವನ್ನು ಇಲ್ಲಿ ಬಾಗಿಲು ಮುಚ್ಚಿಟ್ಟುಕೊಂಡು ಕಳೆದರು! ಆ ತಾಳ್ಮೆ ಮನುಷ್ಯರನ್ನು ಹೊತ್ತ ನೌಕೆಗೆ ಸಾಧ್ಯವೇ ಇರಲಿಲ್ಲ. ಬಾಗಿಲು ತೆರೆದ ಮೇಲೂ ಎನ್‌ಜಿಸಿ 188 ಎಂಬ ಹಳೆಯ ನಕ್ಷತ್ರಗುಚ್ಛವನ್ನು ಮತ್ತೆ ಮತ್ತೆ ನೋಡಿ, ಕನ್ನಡಿಯ ಶಕ್ತಿ ಕುಂದಿದೆಯೇ ಎಂದು ಪರೀಕ್ಷಿಸುತ್ತಾ ಹೋದರು. ಹಾಗೆ ಪರೀಕ್ಷೆಗೆಂದು ನೋಡಿದ ಗುಚ್ಛದಲ್ಲೇ ಖಭೌತ ಸಂಸ್ಥೆಯ ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಜೊತೆಯವರು ಒಂದು ನೀಲಿ ನಕ್ಷತ್ರದ ಪಕ್ಕ ಅಡಗಿದ್ದ ಬಿಸಿಯಾದ ಸಂಗಾತಿಯನ್ನು ಗುರುತಿಸಿದರು. ತನ್ನ ಓರಗೆಯವು ಮುಪ್ಪಾದರೂ ಈ ನಕ್ಷತ್ರ ಎಳೆಯದಾಗಿ ಕಾಣುವುದೇಕೆ ಎಂಬ ಪ್ರಶ್ನೆಗೆ, ಸಂಗಾತಿಯಿಂದ ದ್ರವ್ಯ ಹೀರಿಕೊಂಡದ್ದರಿಂದ ಎಂಬ ಉತ್ತರ ಅಲ್ಲಿ ದೊರೆಯಿತು.

ಸಮಯದ ವಿಷಯದಲ್ಲಿ ಒಂದೇ ಉದಾಹರಣೆ ಸಾಕು. 2016ರ ಅಕ್ಟೋಬರ್‌ನಲ್ಲಿ ಆಸ್ಟ್ರೋಸ್ಯಾಟ್ ಆಕಾಶದ ಒಂದೇ ತುಣುಕನ್ನು ಒಟ್ಟು 28 ಗಂಟೆ ನೋಡಿತು. ಪುಣೆಯ ಐಯುಕಾದ ಕನಕ್ ಸಹಾ ಅವರ ನೇತೃತ್ವದ ತಂಡ ಆ ದತ್ತಾಂಶದ ಮೇಲೆ ವರ್ಷಗಟ್ಟಲೆ ಕೂತು, 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಿಂದ ತೀವ್ರ ನೇರಳಾತೀತ ಬೆಳಕು ಬರುತ್ತಿದೆ ಎಂದು 2020ರಲ್ಲಿ ತೋರಿಸಿತು. ಆಸ್ಟ್ರೋ-1ರಲ್ಲಿ ಒಂದೇ ಜಾಗಕ್ಕೆ 28 ಗಂಟೆ ಕೊಡಿ ಎಂದು ಯಾರಾದರೂ ಕೇಳಿದ್ದರೆ, ಉಳಿದ ಹತ್ತಾರು ಗುರಿಗಳನ್ನು ಬಿಟ್ಟುಕೊಡಬೇಕಾಗುತ್ತಿತ್ತು. ಐದು ವರ್ಷ ಬಾಳಲೆಂದು ಮಾಡಿದ ಆಸ್ಟ್ರೋಸ್ಯಾಟ್ 2025ರಲ್ಲಿ ಹತ್ತು ವರ್ಷ ಪೂರೈಸಿತು.

ಇಷ್ಟೆಲ್ಲ ಬೆಳಕು ಬಂದು ತಂಗುವ ಬ್ಯಾಲಾಳನ್ನು ಸ್ವಲ್ಪ ನೋಡಬೇಕು. ಸುತ್ತ ಸಣ್ಣ ಗುಡ್ಡಗಳು, ನಡುವೆ ತಟ್ಟೆಯಂಥ ತಗ್ಗು. ನಗರದ ರೇಡಿಯೊ ಗದ್ದಲವನ್ನು ಆ ಗುಡ್ಡಗಳೇ ತಡೆಯುತ್ತವೆ. ಚಂದ್ರಯಾನಕ್ಕೆಂದು 2008ರಲ್ಲಿ ಉದ್ಘಾಟನೆಯಾದ 32 ಮೀಟರ್ ಮತ್ತು 18 ಮೀಟರ್ ಆಂಟೆನಾಗಳು ಅಲ್ಲಿವೆ. ಆಸ್ಟ್ರೋಸ್ಯಾಟ್‌ಗಾಗಿ 11 ಮೀಟರಿನ ಇನ್ನೊಂದು ಆಂಟೆನಾವೂ ಬಂತು. ಅದೇ ಆವರಣದಲ್ಲಿ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವಿದೆ. ಆಸ್ಟ್ರೋಸ್ಯಾಟ್‌ನ ಸಂಗ್ರಹ 2018ರ ಸೆಪ್ಟೆಂಬರ್‌ನಿಂದ ಜಗತ್ತಿಗೆಲ್ಲ ಮುಕ್ತವಾಗಿದೆ. ನೌಕೆಯ ಪದ್ಧತಿಯಲ್ಲಿ ಪರದೆಯ ಮುಂದೆ ಕೂರುವ ಭಾಗ್ಯ ನಾಲ್ವರಿಗೆ. ಈ ಪದ್ಧತಿಯಲ್ಲಿ ಕೆಂಗೇರಿಯ ಯಾವುದೋ ಮನೆಯ ಮಹಡಿ ಕೋಣೆಯಲ್ಲಿ ಎಂಎಸ್ಸಿ ಓದುವ ಹುಡುಗಿಯೂ ಅದೇ ದತ್ತಾಂಶ ಇಳಿಸಿಕೊಂಡು, ದೊಡ್ಡವರ ಕಣ್ಣು ತಪ್ಪಿದ್ದನ್ನು ಹುಡುಕಬಹುದು. ನನ್ನ ದೃಷ್ಟಿಯಲ್ಲಿ ಆಸ್ಟ್ರೋಸ್ಯಾಟ್‌ನ ದೊಡ್ಡ ಗೆಲುವು ಇದೇ.

ಹಾಗೆಂದು ನಮ್ಮ ಪದ್ಧತಿಯಲ್ಲಿ ದೋಷವೇ ಇಲ್ಲವೆನ್ನಲಾರೆ. ಯುವಿಐಟಿಯ ಸಮೀಪ ನೇರಳಾತೀತ ಭಾಗ 2018ರಲ್ಲಿ ಕೆಲಸ ನಿಲ್ಲಿಸಿತು. ಆಸ್ಟ್ರೋ-2ರಲ್ಲಿ ಕೆಟ್ಟದ್ದೂ ಸಮೀಪ ನೇರಳಾತೀತದ ಕ್ಯಾಮೆರಾವೇ. ಅಲ್ಲಿ ಮನುಷ್ಯರಿದ್ದರು, ಮುಟ್ಟಲಾಗಲಿಲ್ಲ; ಇಲ್ಲಿ ಮನುಷ್ಯರೇ ಇರಲಿಲ್ಲ. ನಷ್ಟ ಮಾತ್ರ ಎರಡೂ ಕಡೆ ಒಂದೇ. ಇದಕ್ಕಿಂತ ಹಳೆಯ ನೋವು ಪೀಣ್ಯದ್ದೇ ಇದೆ. ಉಡುಪಿ ಜಿಲ್ಲೆಯ ಅದಮಾರಿನವರಾದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದ ಷೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹದಲ್ಲೂ ಎಕ್ಸ್-ಕಿರಣ ಖಗೋಳವಿಜ್ಞಾನದ ಉಪಕರಣವಿತ್ತು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಹಾರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ತೊಂದರೆಯಿಂದ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಉಪಗ್ರಹ ಸುತ್ತುತ್ತಲೇ ಇತ್ತು; ಆ ಒಂದು ದೋಷವನ್ನು ಸರಿಪಡಿಸುವ ಕೈ ಅಲ್ಲಿ ಇರಲಿಲ್ಲ.

ಹಾಗಾದರೆ ಮನುಷ್ಯನ ಜಾಗ ಯಾವುದು? ಉತ್ತರವನ್ನು ಆಸ್ಟ್ರೋ ಯಾನಗಳಲ್ಲಿ ಹೋದವರ ಮುಂದಿನ ಬದುಕೇ ಕೊಟ್ಟಿದೆ. ಆಸ್ಟ್ರೋ-1ರಲ್ಲಿ ಪರದೆಯ ಮುಂದೆ ಕೂತಿದ್ದ ಹಾಫ್‌ಮನ್, 1993ರ ಡಿಸೆಂಬರ್‌ನಲ್ಲಿ ಹಬಲ್ ದೂರದರ್ಶಕದ ಮೊದಲ ದುರಸ್ತಿಗೆ ಹೋದರು. ಕನ್ನಡಿಯ ದೋಷದಿಂದ ಮಂಜಾಗಿ ಕಾಣುತ್ತಿದ್ದ ಹಬಲ್‌ಗೆ, ಅವರು ಮತ್ತು ಸ್ಟೋರಿ ಮಸ್‌ಗ್ರೇವ್ ಬಾಹ್ಯಾಕಾಶದಲ್ಲಿ ನಡೆದಾಡುತ್ತಾ ಹೊಸ ಕ್ಯಾಮೆರಾ ಕೂರಿಸಿದರು. ಆಸ್ಟ್ರೋ-2ರಲ್ಲಿ ವೀಕ್ಷಕರಾಗಿದ್ದ ಗ್ರನ್ಸ್‌ಫೆಲ್ಡ್ 1999, 2002, 2009ರಲ್ಲಿ ಮೂರು ಸಲ ಹಬಲ್ ದುರಸ್ತಿಗೆ ಹೋಗಿ ಬಂದರು. 2009ರಲ್ಲಿ ಅವರ ಮುಂದಿದ್ದದ್ದು ಎರಡು ವರ್ಷದಿಂದ ಕೆಟ್ಟು ಕೂತಿದ್ದ ಒಂದು ಕ್ಯಾಮೆರಾ. ಕಕ್ಷೆಯಲ್ಲಿ ಬಿಚ್ಚಬೇಕಾದೀತೆಂದು ಯಾರೂ ಅದನ್ನು ರೂಪಿಸಿರಲಿಲ್ಲ. ದಪ್ಪ ಕೈಗವಸು ತೊಟ್ಟು, ಮುಚ್ಚಳದ 32 ಚಿಕ್ಕ ಸ್ಕ್ರೂಗಳನ್ನು ಒಂದೂ ತೇಲಿಹೋಗದಂತೆ ಬಿಚ್ಚಿ, ಒಳಗಿನ ನಾಲ್ಕು ಸರ್ಕಿಟ್ ಬೋರ್ಡುಗಳನ್ನು ಬದಲಿಸಿದರು. ಕ್ಯಾಮೆರಾ ಮತ್ತೆ ಜೀವ ಪಡೆಯಿತು. ಆಸ್ಟ್ರೋ-2ರ ಇಡೀ ಹದಿನಾರು ದಿನದ ಜಾಯ್‌ಸ್ಟಿಕ್ ಕೆಲಸವನ್ನು ಯಂತ್ರ ಮಾಡಬಲ್ಲದು. ಈ 32 ಸ್ಕ್ರೂಗಳ ಕೆಲಸವನ್ನು ಅಂದು ಯಾವ ಯಂತ್ರವೂ ಮಾಡಲಾರದಾಗಿತ್ತು. ಖಗೋಳವಿಜ್ಞಾನಕ್ಕೆ ಗಗನಯಾತ್ರಿ ಕೊಟ್ಟ ದೊಡ್ಡ ಕೊಡುಗೆ ಕಣ್ಣಿನದಲ್ಲ, ಕೈಯದು.

ನೌಕೆಯಲ್ಲಿ ಭಾರತದ್ದೇ ಒಂದು ಪ್ರಯೋಗ ಹೋಗಿತ್ತು ಎಂಬುದು ಹೆಚ್ಚು ಜನಕ್ಕೆ ನೆನಪಿಲ್ಲ. ಅದರಿಂದಲೂ ಇದೇ ಪಾಠ ಸಿಗುತ್ತದೆ. 1985ರ ಏಪ್ರಿಲ್ 29ರಂದು ಚಾಲೆಂಜರ್ ನೌಕೆಯ ಸ್ಪೇಸ್‌ಲ್ಯಾಬ್-3 ಯಾನದಲ್ಲಿ 'ಅನುರಾಧಾ' ಎಂಬ ಉಪಕರಣ ಹೋಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸುಕುಮಾರ್ ಬಿಶ್ವಾಸ್ ಅದರ ಪ್ರಧಾನ ವಿಜ್ಞಾನಿ. ವಿಶ್ವಕಿರಣಗಳ ಭಾರದ ಕಣಗಳು ವಿಶೇಷ ಪ್ಲಾಸ್ಟಿಕ್ ಹಾಳೆಗಳನ್ನು ತೂರಿಹೋಗುವಾಗ ಬಿಡುವ ಗುರುತುಗಳನ್ನು ಅದು ಹಿಡಿಯುತ್ತಿತ್ತು. ಹಾಳೆಗಳ ಕಟ್ಟು ನಿಧಾನವಾಗಿ ತಿರುಗುತ್ತಿದ್ದುದರಿಂದ ಯಾವ ಕಣ ಯಾವಾಗ ಬಂತು ಎಂದೂ ತಿಳಿಯುತ್ತಿತ್ತು. ಹಾಳೆಗಳು ಭೂಮಿಗೆ ವಾಪಸು ಬಂದ ಮೇಲೆ, ರಾಸಾಯನಿಕದಲ್ಲಿ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಇಲ್ಲಿ ನೌಕೆಯಿಂದ ಆದ ಉಪಕಾರ ಒಯ್ದದ್ದು ಮತ್ತು ಭದ್ರವಾಗಿ ತಂದುಕೊಟ್ಟದ್ದು. ವೀಕ್ಷಣೆಗೆ ಯಾರ ಕಣ್ಣೂ ಬೇಕಾಗಿರಲಿಲ್ಲ.

ಕೈ ನಿಜವಾಗಿ ಬೇಕಾದ ವಿಜ್ಞಾನ ಬೇರೆ ಇದೆ. 2025ರ ಜೂನ್-ಜುಲೈನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಇದ್ದಾಗ ಮಾಡಿದ ಪ್ರಯೋಗಗಳಲ್ಲಿ ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು: ಹೆಸರುಕಾಳು ಮತ್ತು ಮೆಂತ್ಯವನ್ನು ಬಾಹ್ಯಾಕಾಶದಲ್ಲಿ ಮೊಳಕೆ ಬರಿಸುವುದು. ಕಾಳಿಗೆ ನೀರು ಹಾಕಬೇಕು, ಬೆಳೆದದ್ದನ್ನು ನೋಡಬೇಕು, ಜೋಪಾನ ಮಾಡಿ ತರಬೇಕು. ಅಲ್ಲಿ ಮನುಷ್ಯನ ಇರವು ಸಾರ್ಥಕ. ಆತ ಒಯ್ದ ಪ್ರಯೋಗಗಳಲ್ಲಿ ದೂರದರ್ಶಕವಿಲ್ಲ ಎಂದು ಖಗೋಳವಿಜ್ಞಾನವನ್ನು ಪ್ರೀತಿಸುವ ನಾವು ಬೇಸರಪಡಬೇಕಾಗಿಲ್ಲ. ಅದು ಸರಿಯಾದ ಆಯ್ಕೆ.

ಇದರಿಂದ ನಮ್ಮ ನಿಲ್ದಾಣಕ್ಕೆ, ನಮ್ಮ ಮುಂದಿನ ದೂರದರ್ಶಕಕ್ಕೆ ಏನು ತಿಳಿಯುತ್ತದೆ? ಆಸ್ಟ್ರೋಸ್ಯಾಟ್ ನಂತರ 2024ರ ಜನವರಿ 1ರಂದು ಹೋದ ಎಕ್ಸ್‌ಪೋಸ್ಯಾಟ್‌ನಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪೋಲಿಕ್ಸ್ ಇದೆ, ಅದು ಎಕ್ಸ್-ಕಿರಣಕ್ಕೆ. ನೇರಳಾತೀತದಲ್ಲಿ ಯುವಿಐಟಿಗೆ ಉತ್ತರಾಧಿಕಾರಿಯಾಗಿ ಒಂದು ಮೀಟರ್ ಗಾತ್ರದ 'ಇನ್ಸಿಸ್ಟ್' ದೂರದರ್ಶಕದ ಪ್ರಸ್ತಾವವನ್ನು ಖಭೌತ ಸಂಸ್ಥೆ ಮುಂದಿಟ್ಟು ವರ್ಷಗಳಾದವು. ಅದನ್ನು ಕಟ್ಟುವುದಾದರೆ ಮೊದಲ ನಕ್ಷೆಯಲ್ಲೇ ಒಂದು ಪ್ರಶ್ನೆ ಇರಬೇಕು: ಇದು ಕೆಟ್ಟರೆ ಯಾರು, ಹೇಗೆ ಬಿಚ್ಚುತ್ತಾರೆ? ಚೀನಾ ತನ್ನ ಶುನ್‌ತಿಯನ್ ದೂರದರ್ಶಕವನ್ನು ನಿಲ್ದಾಣದ ಜೊತೆಗೇ ಒಂದೇ ಕಕ್ಷೆಯಲ್ಲಿ, ಆದರೆ ಪ್ರತ್ಯೇಕವಾಗಿ ಹಾರಿಸಿ, ದುರಸ್ತಿ ಬೇಕಾದಾಗ ಮಾತ್ರ ನಿಲ್ದಾಣಕ್ಕೆ ಬಂದು ಜೋಡಿಕೊಳ್ಳುವಂತೆ ಯೋಜಿಸಿದೆ. ನೋಡುವಾಗ ಮನುಷ್ಯನಿಂದ ದೂರ, ಕೆಟ್ಟಾಗ ಮನುಷ್ಯನ ಹತ್ತಿರ. ಆಸ್ಟ್ರೋ ಮತ್ತು ಹಬಲ್ ಎರಡರ ಅನುಭವವನ್ನೂ ಸರಿಯಾಗಿ ಅರಗಿಸಿಕೊಂಡ ಯೋಜನೆ ಇದು. ನಮಗೂ ಇದೇ ದಾರಿ ಸರಿ. ನಿಲ್ದಾಣದ ಗೋಡೆಗೆ ದೂರದರ್ಶಕವನ್ನು ತಗುಲಿಸಿ, ಗಗನಯಾತ್ರಿ ಅದರ ಪಕ್ಕ ನಿಂತ ಚಿತ್ರ ತೆಗೆದು ತೃಪ್ತಿಪಟ್ಟರೆ, ನೌಕೆಯ ಕಾಲದ ತಪ್ಪನ್ನು ಮತ್ತೆ ಮಾಡಿದಂತಾಗುತ್ತದೆ.

ಇನ್ನೊಂದು ಮಾತು ನಮ್ಮವರಿಗೇ. ಮೇಲೆ ಮನುಷ್ಯ ಹೋದಾಗ ಊರೆಲ್ಲ ಟಿವಿ ಮುಂದೆ ಕೂರುತ್ತೇವೆ, ಅದು ಸಹಜ, ಅದು ಸಂತೋಷದ ವಿಷಯವೇ. ಆದರೆ ಹತ್ತು ವರ್ಷ ಹಗಲಿರುಳು ಒಂದು ಉಪಗ್ರಹದ ಬೇಕುಬೇಡ ನೋಡಿಕೊಂಡ ಪೀಣ್ಯದ ಪಾಳಿಯವರ ಬಗ್ಗೆ, ಬ್ಯಾಲಾಳಿನಲ್ಲಿ ದತ್ತಾಂಶ ಜೋಪಾನ ಮಾಡಿದವರ ಬಗ್ಗೆ ಕನ್ನಡದಲ್ಲಿ ನಾವು ಬರೆದದ್ದು, ಓದಿದ್ದು, ಮಕ್ಕಳಿಗೆ ಹೇಳಿದ್ದು ತೀರಾ ಕಡಿಮೆ. ಕೊಲಂಬಿಯಾದ ನಾಲ್ವರು ಖಗೋಳ ವಿಜ್ಞಾನಿಗಳು ಒಂಬತ್ತು ದಿನ ಮಾಡಿದ ಕೆಲಸವನ್ನೇ ಇವರು ವರ್ಷಗಟ್ಟಲೆ ಮಾಡಿದ್ದಾರೆ. ಪಶ್ಚಿಮ ಬೆಂಗಳೂರಿನ ಪದವಿ ಕಾಲೇಜುಗಳ ಭೌತವಿಜ್ಞಾನ ವಿಭಾಗಗಳು, ಜ್ಞಾನಭಾರತಿಯ ವಿಶ್ವವಿದ್ಯಾಲಯ ವಿಭಾಗ, ಆಸ್ಟ್ರೋಸ್ಯಾಟ್‌ನ ಮುಕ್ತ ಸಂಗ್ರಹವನ್ನು ಪ್ರಯೋಗಶಾಲೆಯ ಪಾಠವಾಗಿಸಬೇಕು. ಒಂದು ನಕ್ಷತ್ರಗುಚ್ಛದ ಚಿತ್ರವನ್ನು ಇಳಿಸಿ, ಅಳೆದು, ಕನ್ನಡದಲ್ಲಿ ವರದಿ ಬರೆಯುವ ವಿದ್ಯಾರ್ಥಿಗಳು ಪ್ರತಿ ವರ್ಷ ಹೊರಬರಬೇಕು. ದೂರದರ್ಶಕ ದುರಸ್ತಿಗೆ ನಾಳೆ ಮೇಲೆ ಹೋಗುವ ಕೈ ಯಾರದ್ದೇ ಆಗಲಿ, ಅದು ಏನನ್ನು ದುರಸ್ತಿ ಮಾಡಬೇಕೆಂದು ಹೇಳಬಲ್ಲ ಕಣ್ಣುಗಳು ತಯಾರಾಗಬೇಕಾದದ್ದು ಇಲ್ಲಿ, ನೆಲದ ಮೇಲೆ.